ಕುದುರೆ ಮೇಲಿನವನು ಎಲ್ಲಿ ಹೋದ?

ಬೆಂಗಳೂರಿನಲ್ಲಿ ರೈತನಿಗೆ ಎರಡು ಜಾಗಗಳು ಖಾಯಂ ಆಗಿ ಮೀಸಲಾಗಿವೆ. ಕೂಗುವ ರೈತನಿಗೆ ಫ್ರೀಡಂ ಪಾರ್ಕು, ಕೂಗದ ರೈತನಿಗೆ ಸೋಫಾದ ಮೇಲಿನ ಗೋಡೆ. ಮೊದಲನೆಯದು ಒಂದು ಕಾಲಕ್ಕೆ ಸೆಂಟ್ರಲ್ ಜೈಲಾಗಿತ್ತು. 2021ರ ಆದೇಶದ ಪ್ರಕಾರ ನಗರದಲ್ಲಿ ಧರಣಿ ಕೂರುವವರೆಲ್ಲ ಅಲ್ಲಿಗೇ ಹೋಗಬೇಕು. ಎರಡನೆಯ ಜಾಗಕ್ಕೆ ಆದೇಶ, ಅನುಮತಿ, ಬಂದೋಬಸ್ತು ಯಾವುದೂ ಬೇಕಿಲ್ಲ. ಎರಡು ಮೊಳೆ ಸಾಕು.

ಗೋಡೆಯ ಮೇಲಿನ ರೈತ ನಿಮಗೆ ಗೊತ್ತಿರುವವನೇ. ತಲೆಗೆ ಕೆಂಪು ರುಮಾಲು, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಮುಂದೆ ಜೋಡೆತ್ತು. ಎತ್ತುಗಳ ಮೈ ಈಗಷ್ಟೇ ಕೆರೆಯಲ್ಲಿ ಉಜ್ಜಿ ತೊಳೆದಷ್ಟು ಬಿಳುಪು. ಹಿಂದೆ ಬುತ್ತಿ ಹೊತ್ತ ಹೆಂಡತಿ, ಅವಳ ಹಿಂದೆ ತೆಂಗಿನ ಮರ, ಮರದ ಹಿಂದೆ ಗೋಪುರ, ಗೋಪುರದ ಹಿಂದೆ ಕಿತ್ತಳೆ ಬಣ್ಣದ ಸೂರ್ಯ. ಈ ಹೊಲದಲ್ಲಿ ನಡುಮಧ್ಯಾಹ್ನ ಎಂಬುದು ಆಗುವುದೇ ಇಲ್ಲ. ಯಾವಾಗಲೂ ಮುಂಜಾನೆ, ಇಲ್ಲವೇ ಮುಸ್ಸಂಜೆ. ಚಿತ್ರದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ‘ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ, ನೈಜ ಶೈಲಿ’ ಎಂದಿರುತ್ತದೆ. ನೈಜವೇನೋ ಹೌದು. ಎತ್ತಿನ ಗಂಗೆದೊಗಲಿನ ಒಂದೊಂದು ಮಡಿಕೆಯೂ ನೈಜ, ಕೊಂಬಿಗೆ ಕಟ್ಟಿದ ಗೊಂಡೆಯ ಎಳೆ ಎಳೆಯೂ ನೈಜ. ಬೋರ್‌ವೆಲ್ ಮಾತ್ರ ಇಲ್ಲ. ಬೋರ್‌ವೆಲ್ ಕೊರೆಸಲು ಮಾಡಿದ ಸಾಲವಿಲ್ಲ, ಸಾಲ ಕೊಟ್ಟವನಿಲ್ಲ, ಅವನ ಬೈಕಿನ ಗಾಲಿ ಹಾದುಹೋದ ಗುರುತೂ ಇಲ್ಲ.

ಈ ರೈತ ಗೋಡೆಯಿಂದ ಇಳಿದು ಬಂದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ನಗರ ಎರಡು ಸಲ ತೋರಿಸಿಕೊಟ್ಟಿತು. ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂದು ತಡೆದು ನಿಲ್ಲಿಸಲಾಯಿತು. ಸಹಪ್ರಯಾಣಿಕರು ಜಗಳಕ್ಕೆ ನಿಂತರು, ವಿಡಿಯೊ ಊರೆಲ್ಲ ಹರಿದಾಡಿತು, ಭದ್ರತಾ ಮೇಲ್ವಿಚಾರಕನ ಕೆಲಸ ಹೋಯಿತು. ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದರ ಸರದಿ. ಮಗನ ಜೊತೆ ಸಿನಿಮಾ ನೋಡಲು ಬಂದ ಹಿರಿಯ ರೈತರಿಗೆ ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆ. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸದನದಲ್ಲಿ ಹೇಳಿತು.

ಬಾಗಿಲು ಕಾಯುವ ಹುಡುಗನನ್ನು ಬೈದು ಫಲವಿಲ್ಲ. ಅವನ ಅಪ್ಪನೂ ಎಲ್ಲೋ ಒಂದು ಕಡೆ ಪಂಚೆ ಎತ್ತಿ ಕಟ್ಟಿಕೊಂಡೇ ಕೆಸರಿಗಿಳಿದಿರುತ್ತಾನೆ. ಅವನಿಗೆ ಹೇಳಿಕೊಟ್ಟ ನಿಯಮ ಸರಳವಾದದ್ದು: ಪಂಚೆಗೆ ಚೌಕಟ್ಟು ಇದ್ದರೆ ಒಳಗೆ ಬಿಡು, ಇಲ್ಲದಿದ್ದರೆ ಹೊರಗೆ ನಿಲ್ಲಿಸು. ಅದೇ ಪಂಚೆ, ಅದೇ ರುಮಾಲು, ಅದೇ ಕೆಸರು ಎಣ್ಣೆ ಬಣ್ಣದಲ್ಲಿ ಬಂದಿದ್ದರೆ ಇಬ್ಬರು ಹುಡುಗರು ಅದನ್ನು ಬಬಲ್ ಶೀಟಿನಲ್ಲಿ ಸುತ್ತಿ, ಲಿಫ್ಟಿನಲ್ಲಿ ನಿಲ್ಲಿಸಿಕೊಂಡು, ‘ಮೂಲೆ ತಾಗೀತು, ಹುಷಾರು’ ಎನ್ನುತ್ತ ಮೂರನೇ ಮಹಡಿಗೆ ಮುಟ್ಟಿಸುತ್ತಿದ್ದರು.

ಈ ಪದ್ಧತಿ ನಮ್ಮ ಸ್ವಂತ ಆವಿಷ್ಕಾರ ಎಂದು ಬೀಗಬೇಡಿ. ಫ್ರಾನ್ಸಿನವರು ನಮಗಿಂತ ಒಂದೂವರೆ ಶತಮಾನ ಮೊದಲೇ ಇದನ್ನು ಪಳಗಿಸಿಟ್ಟಿದ್ದಾರೆ. 1857ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನಕ್ಕೆ ಜಾನ್-ಫ್ರಾಂಸ್ವಾ ಮಿಲೆ ಎಂಬ ಚಿತ್ರಕಾರ ಒಂದು ಎಣ್ಣೆ ಬಣ್ಣದ ಚಿತ್ರ ತಂದಿಟ್ಟ. ನಾರ್ಮಂಡಿಯ ಗ್ರೂಶಿ ಎಂಬ ಹಳ್ಳಿಯ ರೈತನ ಮಗ, ಹುಡುಗನಾಗಿದ್ದಾಗ ತಾನೇ ಹೊಲದಲ್ಲಿ ದುಡಿದವನು. ಚಿತ್ರದಲ್ಲಿರುವುದು ಮೂವರು ಹೆಂಗಸರು. ಕೊಯ್ಲು ಮುಗಿದ ಗೋಧಿ ಹೊಲದಲ್ಲಿ ಉದುರಿದ ತೆನೆ ಆಯುತ್ತಿದ್ದಾರೆ. ಇಬ್ಬರು ಪೂರ್ತಿ ಬಗ್ಗಿದ್ದಾರೆ, ಮೂರನೆಯವಳು ಅರ್ಧ. ಅವಳು ಏಳುತ್ತಿದ್ದಾಳೋ ಬಗ್ಗುತ್ತಿದ್ದಾಳೋ, ಅವಳ ಸೊಂಟವನ್ನೇ ಕೇಳಬೇಕು. ನಮ್ಮಲ್ಲಿ ಇದಕ್ಕೆ ಹಕ್ಕಲು ಆಯುವುದು ಎನ್ನುತ್ತಾರೆ. ಧಾರವಾಡ, ಗದಗದ ಕಡೆ ಶೇಂಗಾ ಕಿತ್ತ ಹೊಲಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹಕ್ಕಲಿಗೆ ಹೋದವರಿಗೆ ಆ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ಫ್ರಾನ್ಸಿನಲ್ಲಿ ಇದು ಬಡವರ ಹಕ್ಕು. 1554ರ ರಾಜಾಜ್ಞೆಯೇ ಇತ್ತು: ಬೆಳೆ ಎತ್ತಿದ ಮೇಲೆ ಹೊಲದಲ್ಲಿ ಉಳಿದದ್ದನ್ನು ಮುದುಕರು, ಅಂಗವಿಕಲರು, ಮಕ್ಕಳು ಆಯ್ದುಕೊಳ್ಳಬಹುದು. ರಾಶಿ ನಿಮಗೆ, ಉದುರಿದ್ದು ಅವರಿಗೆ. ಕಾನೂನು ಎಷ್ಟು ಉದಾರಿ ನೋಡಿ!

ಚಿತ್ರ ನೋಡಿದ ಪ್ಯಾರಿಸ್ಸಿನ ಸಭ್ಯರಿಗೆ ಬೆವರಿಳಿಯಿತು. 1848ರ ಕ್ರಾಂತಿ ಮುಗಿದು ಇನ್ನೂ ಹತ್ತು ವರ್ಷ ಕಳೆದಿರಲಿಲ್ಲ. ಒಬ್ಬ ವಿಮರ್ಶಕನಿಗೆ ಆ ಮೂವರ ಬೆನ್ನ ಹಿಂದೆ ದಂಗೆಯ ಈಟಿಗಳೂ 1793ರ ವಧಾಸ್ಥಾನವೂ ಕಂಡವು. ಇನ್ನೊಬ್ಬ ಅವರನ್ನು ದಾರಿದ್ರ್ಯದ ಮೂವರು ವಿಧಿದೇವತೆಗಳೆಂದು ಹಂಗಿಸಿದ. ಹೆಂಗಸರು ಯಾರನ್ನೂ ನೋಡುತ್ತಿಲ್ಲ, ಬಾಯಿ ತೆರೆದಿಲ್ಲ, ಕೈಯಲ್ಲಿರುವುದು ಒಂದೊಂದು ಹಿಡಿ ಹುಲ್ಲುತೆನೆ. ಆದರೂ ಹೆದರಿಕೆ. ಬಗ್ಗಿದವರು ಎದ್ದು ನಿಂತರೆ ಎಷ್ಟು ಎತ್ತರವಾಗುತ್ತಾರೆ ಎಂಬ ಲೆಕ್ಕ ನೋಡುವವನ ತಲೆಯಲ್ಲಿ ತಾನಾಗಿಯೇ ನಡೆಯುತ್ತಿತ್ತು. ಮಿಲೆ ನಾಲ್ಕು ಸಾವಿರ ಫ್ರಾಂಕ್ ಕೇಳಿದ, ಮೂರು ಸಾವಿರ ಸಿಕ್ಕಿತು.

ಎರಡೇ ವರ್ಷಕ್ಕೆ, 1859ರಲ್ಲಿ, ಜೂಲ್ ಬ್ರೆತೊನ್ ಎಂಬ ಇನ್ನೊಬ್ಬ ಚಿತ್ರಕಾರ ಅದೇ ಹಕ್ಕಲಿನ ವಿಷಯ ಎತ್ತಿಕೊಂಡ. ಇವನ ಹೆಂಗಸರು ಬಗ್ಗುವ ಕೆಲಸ ಮುಗಿಸಿ ನೆಟ್ಟಗೆ ನಿಂತು ಮನೆಗೆ ಹೊರಟಿದ್ದಾರೆ. ತೆನೆಯ ಹೊರೆ ತಲೆ ಮೇಲೆ, ಸೂರ್ಯ ಬೆನ್ನ ಹಿಂದೆ. ನಡಿಗೆಯಲ್ಲಿ ದಣಿವಿಲ್ಲ, ಗಾಂಭೀರ್ಯವಿದೆ. ಬರಿಗಾಲೂ ಎಷ್ಟು ಚೆಂದ! ಮಹಾರಾಣಿ ಯುಜೆನಿಗೆ ಚಿತ್ರ ಮೆಚ್ಚಿಗೆಯಾಯಿತು, ಅರಮನೆ ಕೊಂಡುಕೊಂಡಿತು. ಹೊಲ ಅದೇ, ಹಸಿವು ಅದೇ, ವ್ಯತ್ಯಾಸ ಸೊಂಟದ್ದು. ನಮ್ಮ ಸೋಫಾಗಳ ಮೇಲೆ ನೇತಾಡುತ್ತಿರುವ ಹೆಂಗಸರೆಲ್ಲ ಬ್ರೆತೊನ್‌ನ ಮರಿಮೊಮ್ಮಕ್ಕಳು. ಬಿಂದಿಗೆ ತುಂಬಿದ್ದರೂ ಕುತ್ತಿಗೆ ನೋಯದವರು.

ಎತ್ತುಗಳ ವಂಶಾವಳಿಯೂ ಅಲ್ಲಿಯದೇ. 1848ರ ಕ್ರಾಂತಿಯಾದ ಮೇಲೆ ಹೊಸ ಗಣರಾಜ್ಯದ ಸರ್ಕಾರ ರೋಸಾ ಬೊನೂರ್ ಎಂಬ ಚಿತ್ರಕಾರ್ತಿಗೆ ಉಳುಮೆಯ ಚಿತ್ರವೊಂದನ್ನು ಬರೆಯಲು ವಹಿಸಿತು. ಆಕೆ ಹನ್ನೆರಡು ಎತ್ತುಗಳನ್ನು ಎರಡು ಸಾಲಾಗಿ ಕಟ್ಟಿ, ಮೈಯ ರೋಮ ಮಿಂಚುವಂತೆ, ಜೊಲ್ಲು ಇಳಿಯುವಂತೆ ಬರೆದಳು. ಬಹಳ ದೊಡ್ಡ ಪ್ರತಿಭೆ, ಅನುಮಾನವಿಲ್ಲ. ಆದರೆ ಉಳುವವರನ್ನು ಹುಡುಕಬೇಕೆಂದರೆ ಎತ್ತುಗಳ ಸಂದಿಯಲ್ಲಿ ಇಣುಕಬೇಕು. ಸರ್ಕಾರ ಸಂತೋಷದಿಂದ ಮೂರು ಸಾವಿರ ಫ್ರಾಂಕ್ ಕೊಟ್ಟಿತು. ಎತ್ತುಗಳ ಮೇಲೆ ಸರ್ಕಾರಗಳಿಗೆ ಯಾವತ್ತೂ ಪ್ರೀತಿ: ಅವು ಅರ್ಜಿ ಬರೆಯುವುದಿಲ್ಲ. ಹನ್ನೆರಡು ಎತ್ತಿಗೆ ಮೂರು ಸಾವಿರ, ಮಿಲೆಯ ಮೂವರು ಹೆಂಗಸರಿಗೂ ಮೂರು ಸಾವಿರ. ತಲಾ ಲೆಕ್ಕ ಹಾಕಿ ಹೆಂಗಸರೇ ಗೆದ್ದರು ಎಂದು ಯಾರಾದರೂ ಮಹಿಳಾ ದಿನಾಚರಣೆಯ ಭಾಷಣದಲ್ಲಿ ಹೇಳಬಹುದು.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದರೆ ಈ ಇಡೀ ಇತಿಹಾಸ ಫುಟ್‌ಪಾತಿನ ಮೇಲೆ ಸಾಲಾಗಿ ಒರಗಿ ನಿಂತಿರುತ್ತದೆ. 2003ರಿಂದ ಚಿತ್ರಕಲಾ ಪರಿಷತ್ತು ನಡೆಸಿಕೊಂಡು ಬಂದಿರುವ ಒಳ್ಳೆಯ ಜಾತ್ರೆ ಅದು. ಗ್ಯಾಲರಿಯ ಮೆಟ್ಟಿಲು ಹತ್ತಲಾಗದ ಕಲಾವಿದರಿಗೂ ಅಲ್ಲಿ ಒಂದು ದಿನದ ಗೋಡೆ ಸಿಗುತ್ತದೆ. ಕಲಾವಿದರ ಮೇಲೆ ನನ್ನ ತಕರಾರಿಲ್ಲ. ಅವರು ಗಿರಾಕಿಯ ಕಣ್ಣನ್ನು ಅಳತೆ ತೆಗೆದುಕೊಂಡೇ ಕುಂಚ ಎತ್ತಬೇಕಾದವರು. ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ಸರ್, ಈ ಅಜ್ಜಿ ಚಿತ್ರ ಎಷ್ಟು?”

“ನಲವತ್ತೈದು ಮೇಡಂ. ಒಂದು ತಿಂಗಳ ಕೆಲಸ.”

“ಚೆನ್ನಾಗಿದೆ. ಆದ್ರೆ ಮುಖ ಸ್ವಲ್ಪ ಜಾಸ್ತಿ ಬೇಜಾರಾಗಿದೆ ಅಲ್ವಾ? ಹಾಲ್‌ಗೆ ಹಾಕೋದು. ವಾಸ್ತು ಪ್ರಕಾರ ಅಳೋ ಮುಖ ಇರಬಾರದಂತೆ.”

“ನಗಿಸಿ ಕೊಡ್ತೀನಿ ಮೇಡಂ. ಎಣ್ಣೆ ಬಣ್ಣ, ಒಣಗೋಕೆ ಹದಿನೈದು ದಿನ ಟೈಮ್ ಬೇಕು.”

ಅಷ್ಟರಲ್ಲಿ ಯಜಮಾನರು ಪಕ್ಕದ ಚಿತ್ರವನ್ನು ಬೆರಳಿನಲ್ಲೇ ತೂಗುತ್ತಾರೆ. “ಇದರಲ್ಲಿ ಎರಡೇ ಎತ್ತು. ಆ ಕಡೆ ಸ್ಟಾಲ್‌ನಲ್ಲಿ ನಾಲ್ಕಿತ್ತು, ಇದೇ ರೇಟಿಗೆ.”

“ಸರ್, ಅದು ಅಕ್ರಿಲಿಕ್.”

“ಟ್ರಾಕ್ಟರ್ ಇರೋದು ಯಾವುದೂ ಇಲ್ವಾ? ಸುಮ್ನೆ ಕೇಳ್ದೆ.”

“ಬರೆದಿದ್ದೆ ಸರ್, ಯಾರೂ ತಗೊಳ್ಳಲಿಲ್ಲ. ನಮ್ಮಪ್ಪ ಎತ್ತು ಮಾರಿ ಟ್ರಾಕ್ಟರ್ ತಂದು ಹತ್ತು ವರ್ಷ ಆಯ್ತು. ನಾನು ಮಾತ್ರ ಇನ್ನೂ ಎತ್ತು ಹೂಡ್ತಾ ಇದೀನಿ.”

ಆ ಹುಡುಗನ ಒಂದು ಮಾತಿನಲ್ಲಿ ನೈಜ ಶೈಲಿಯ ಪೂರ್ತಿ ಅರ್ಥಶಾಸ್ತ್ರವಿದೆ. ಅದನ್ನು ಸ್ವಲ್ಪ ಬಿಡಿಸೋಣ. 2025-26ರ ಮುಂಗಾರು ಬೆಳೆಗೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಮಳೆ ನಂಬಿದ ಹೊಲದಲ್ಲಿ ಎಕರೆಗೆ ಹತ್ತು ಕ್ವಿಂಟಲ್ ಬಂದರೆ ಊರವರು ಕಣ್ಣು ಹಾಕುವಂಥ ಬೆಳೆ. ಅಂದರೆ 48,860 ರೂಪಾಯಿ. ಉತ್ತದ್ದು, ಬಿತ್ತಿದ್ದು, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ, ಬಾಡಿಗೆ ಎಲ್ಲ ಅದರೊಳಗೇ ಕಳೆಯಬೇಕು. ಅದೇ ರಾಗಿ ಹೊಲವನ್ನು ಮೂರಡಿ ಕ್ಯಾನ್ವಾಸಿನ ಮೇಲೆ ಬೆಳೆದರೆ ಐವತ್ತು ಸಾವಿರಕ್ಕೆ ಗಿರಾಕಿ ಇದ್ದಾನೆ. ಹಂದಿ ಕಾಟವಿಲ್ಲ, ಮಳೆ ಕೈಕೊಡುವುದಿಲ್ಲ, ತೇವಾಂಶ ಜಾಸ್ತಿಯೆಂದು ಖರೀದಿ ಕೇಂದ್ರದವರು ವಾಪಸು ಕಳಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಬರೆದ ರಾಗಿಗೆ ಬೆಲೆ ಹೇಳುವವನು ಬೆಳೆದವನೇ. ನಿಜವಾದ ರಾಗಿಗೆ ಬೆಲೆ ಹೇಳುವವನು ಕೊಳ್ಳುವವನು.

ಇಷ್ಟಕ್ಕೂ ಆ ಚಿತ್ರ ಬಂದದ್ದು ಹೊಲದಿಂದಲೇ. ಎಣ್ಣೆ ಬಣ್ಣದ ಎಣ್ಣೆ ಬಹುಪಾಲು ಅಗಸೆ ಬೀಜದ್ದು. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವ ಗುಣ ಅದಕ್ಕಿರುವುದರಿಂದಲೇ ಬಣ್ಣ ಶತಮಾನಗಟ್ಟಲೆ ಬಟ್ಟೆಗೆ ಅಂಟಿ ನಿಲ್ಲುತ್ತದೆ. ಬಟ್ಟೆ ಲಿನನ್ ಆಗಿದ್ದರೆ ಅದು ಅದೇ ಅಗಸೆಯ ಕಾಂಡದ ನಾರು, ಅಲ್ಲದಿದ್ದರೆ ಹತ್ತಿ. ಎಣ್ಣೆಯೂ ರೈತನದು, ಬಟ್ಟೆಯೂ ರೈತನದು, ಬಟ್ಟೆಯ ಮೇಲಿನ ಮುಖವೂ ರೈತನದು. ಬಾಕಿ ಉಳಿದದ್ದು ಬೆಲೆ ಒಂದೇ. ಅದನ್ನು ನಾವು ಇಟ್ಟುಕೊಂಡಿದ್ದೇವೆ.

ಬೆಲೆಯ ಮಾತು ಬಂದಮೇಲೆ ಮಿಲೆಯ ಕತೆಯನ್ನು ಪೂರ್ತಿ ಮಾಡಬೇಕು. ಅವನು 1875ರಲ್ಲಿ ತೀರಿಕೊಂಡ. ರೈತರ ಪರ ಬರೆದವನು ಸತ್ತನೆಂದು ಖಚಿತವಾದ ಕೂಡಲೇ ಅವನ ರೈತರು ತುಟ್ಟಿಯಾದರು. ಮೂರು ಸಾವಿರಕ್ಕೆ ಹೋಗಿದ್ದ ಹಕ್ಕಲಿನ ಹೆಂಗಸರು 1889ರ ಹರಾಜಿನಲ್ಲಿ ಮೂರು ಲಕ್ಷ ಫ್ರಾಂಕಿಗೆ ಏರಿದರು. ಕೊಂಡವಳು ಪೊಮ್ಮೆರಿ ಶಾಂಪೇನ್ ಕಂಪನಿಯ ಒಡತಿ. ಆಕೆ ಚಿತ್ರವನ್ನು ಲೂವ್ರ್ ಸಂಗ್ರಹಾಲಯಕ್ಕೆ ಬಿಟ್ಟುಕೊಟ್ಟಳು, ಅದು ದೊಡ್ಡ ಮನಸ್ಸೇ. ಆದರೂ ನೆಲಕ್ಕೆ ಬಿದ್ದ ಕಾಳಿಗಾಗಿ ಬಗ್ಗಿದವರ ಲೆಕ್ಕ ಕೊನೆಗೆ ಚುಕ್ತಾ ಆದದ್ದು ನೊರೆಯುಕ್ಕುವ ಬಾಟಲಿಯ ದುಡ್ಡಿನಿಂದ.

ಮಿಲೆಯ ಇನ್ನೊಂದು ಚಿತ್ರದಲ್ಲಿ ಒಬ್ಬ ರೈತ, ಒಬ್ಬ ಹೆಂಗಸು ಆಲೂಗಡ್ಡೆ ಕೀಳುವುದನ್ನು ಬಿಟ್ಟು ಸಂಜೆಯ ಚರ್ಚ್ ಗಂಟೆಗೆ ತಲೆ ತಗ್ಗಿಸಿ ನಿಂತಿದ್ದಾರೆ. ಹೆಸರು ‘ಆಂಜೆಲಸ್’. ಬರೆಯಲು ಹೇಳಿದ ಅಮೆರಿಕದ ಶ್ರೀಮಂತ ಒಯ್ಯಲು ಬರಲೇ ಇಲ್ಲ, ಸಾವಿರ ಫ್ರಾಂಕಿನ ಆಸುಪಾಸಿಗೆ ಬೇರೆಯವರಿಗೆ ಹೋಯಿತು. 1889ರಲ್ಲಿ ಅದೇ ಚಿತ್ರಕ್ಕೆ ಲೂವ್ರ್ ಪರವಾಗಿ ನಿಂತವರಿಗೂ ಅಮೆರಿಕದವರಿಗೂ ಜಿದ್ದಾಜಿದ್ದಿ. ಕೂಗು 5,53,000 ಫ್ರಾಂಕಿಗೆ ನಿಂತಿತು. ಫ್ರೆಂಚ್ ಸರ್ಕಾರ ಹಣ ಬಿಡುಗಡೆ ಮಾಡಲಿಲ್ಲವಾಗಿ ಚಿತ್ರ ಅಮೆರಿಕಕ್ಕೆ ಹೋಗಿ ಊರೂರು ತಿರುಗಿತು. ಮರುವರ್ಷ ಇನ್ನೂ ದೊಡ್ಡ ಮೊತ್ತ ಸುರಿದು ಅದನ್ನು ಫ್ರಾನ್ಸಿಗೆ ವಾಪಸು ತಂದವನು ಅಲ್ಫ್ರೆದ್ ಶೋಷಾರ್. ಅವನ ದಂಧೆ ಏನು ಗೊತ್ತೆ? ಪ್ಯಾರಿಸ್ಸಿನ ಅತಿ ದೊಡ್ಡ ಬಹುಮಹಡಿ ಅಂಗಡಿಗಳಲ್ಲೊಂದರ ಸ್ಥಾಪಕ. ಅಂದರೆ ಆ ಕಾಲದ ಮಾಲ್ ಮಾಲೀಕ! ಕೆಸರು ಮೆತ್ತಿದ ಬಟ್ಟೆಯ ರೈತ ದಂಪತಿಯನ್ನು ಲಕ್ಷಗಟ್ಟಲೆ ಕೊಟ್ಟು ಒಳಗೆ ಕರೆಸಿಕೊಂಡ ಮಾಲ್ ಮಾಲೀಕ ಚರಿತ್ರೆಯಲ್ಲಿ ಇದ್ದಾನೆಂದು ಮಾಗಡಿ ರಸ್ತೆಯವರಿಗೆ ಯಾರಾದರೂ ಮೊದಲೇ ತಿಳಿಸಬಾರದಿತ್ತೆ?

ಇಷ್ಟೆಲ್ಲ ಆದಮೇಲೆ ಫ್ರಾನ್ಸ್ 1920ರಲ್ಲಿ ಕಾನೂನು ಮಾಡಿತು: ಚಿತ್ರ ಕೈಬದಲಾದಾಗ ಚಿತ್ರಕಾರನಿಗೋ ಅವನ ವಾರಸುದಾರರಿಗೋ ಒಂದು ಪಾಲು ಕೊಡಬೇಕು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 53ಎ ಕಲಮೂ ಹತ್ತು ಸಾವಿರ ರೂಪಾಯಿ ಮೀರಿದ ಮರುಮಾರಾಟದಲ್ಲಿ ಶೇ 10ರವರೆಗೆ ಪಾಲು ಹೇಳುತ್ತದೆ. ಒಳ್ಳೆಯ ಕಾನೂನು. ಚಿತ್ರದೊಳಗೆ ಸೊಂಟ ಬಗ್ಗಿಸಿದವಳ ಪಾಲು ಎಷ್ಟು ಎಂಬ ಕಲಮು ಎರಡೂ ದೇಶದಲ್ಲಿಲ್ಲ. ಅವಳಿಗೆ 1554ರ ರಾಜಾಜ್ಞೆಯೇ ಈಗಲೂ ಜಾರಿ: ಉದುರಿದ್ದು ನಿನ್ನದು.

ಸಾಲ್ವಡಾರ್ ಡಾಲಿ ಎಂಬ ಸ್ಪೇನಿನ ಚಿತ್ರಕಾರನಿಗೆ ‘ಆಂಜೆಲಸ್’ ಚಿತ್ರದ ಗೀಳು. ಆ ಇಬ್ಬರು ಪ್ರಾರ್ಥನೆ ಮಾಡುತ್ತಿಲ್ಲ, ಸತ್ತ ಮಗುವಿನ ಮುಂದೆ ನಿಂತಿದ್ದಾರೆ ಎಂದು ಅವನ ವಾದ. ಎಲ್ಲರೂ ತಲೆ ಕೆಟ್ಟವನೆಂದು ನಕ್ಕರು. 1963ರಲ್ಲಿ ಲೂವ್ರ್‌ನವರು ಚಿತ್ರಕ್ಕೆ ಎಕ್ಸ್‌ರೇ ಹಿಡಿದರೆ, ಅವರಿಬ್ಬರ ಕಾಲ ಬಳಿ ಬಣ್ಣದ ಅಡಿಯಲ್ಲಿ ಪೆಟ್ಟಿಗೆಯಂಥ ಆಕಾರವೊಂದು ಅಡಗಿ ಕೂತಿತ್ತು. ಅದು ಶವಪೆಟ್ಟಿಗೆಯೇ ಎಂದು ಡಾಲಿ ಸಾಯುವವರೆಗೂ ಪಟ್ಟು ಬಿಡಲಿಲ್ಲ. ನಮ್ಮ ಸೋಫಾದ ಮೇಲಿನ ಚಿತ್ರಗಳಿಗೆ ಎಕ್ಸ್‌ರೇ ಹಿಡಿಯುವ ಅಗತ್ಯವಿಲ್ಲ. ಬಣ್ಣದ ಅಡಿಯಲ್ಲಿ ಏನಿದೆಯೆಂದು ಬರೆದವನಿಗೆ ಗೊತ್ತು: ಅಪ್ಪನ ಟ್ರಾಕ್ಟರಿನ ಕಂತಿನ ಚೀಟಿ.

ನೈಜ ಶೈಲಿಯೇ ಬೇಕು ಎನ್ನುವವರಿಗೆ ವಿಷಯಗಳಿಗೆ ಬರವಿಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟು ಬಂತೆಂದು ಟಾರ್ಚ್ ಹಿಡಿದು ಮೋಟಾರು ಹಾಕಲು ಹೊರಟವನನ್ನು ಬರೆಸಿ. ಸುತ್ತ ಕಗ್ಗತ್ತಲು, ನಡುವೆ ಒಂದೇ ಬೆಳಕು. ನೆರಳು-ಬೆಳಕಿನ ಆಟಕ್ಕೆ ಐರೋಪ್ಯ ಗುರುಗಳೂ ತಲೆದೂಗಬೇಕು. ಯೂರಿಯಾ ಬರುತ್ತದೆಂದು ಸೊಸೈಟಿಯ ಬಾಗಿಲಿಂದ ರಸ್ತೆಯವರೆಗೆ ಸಾಲು ಹಿಡಿದ ಚಪ್ಪಲಿಗಳನ್ನು ಬರೆಸಿ, ಮನುಷ್ಯರು ಮರದ ನೆರಳಿಗೆ ಹೋಗಿದ್ದಾರೆ. ಪಹಣಿಯಲ್ಲಿ ಹೆಸರು ತಪ್ಪಾಗಿ ನಾಡಕಚೇರಿಯ ಬೆಂಚಿನ ಮೇಲೆ ಕೂತ ಅಜ್ಜಿಯನ್ನು ಬರೆಸಿ, ಆ ಮುಖವನ್ನು ನಗಿಸುವುದು ಮಾತ್ರ ಯಾವ ಕುಂಚಕ್ಕೂ ಆಗದು. ಹಾಲ್‌ಗೆ ಕೆಂಪು ಬಣ್ಣ ಒಪ್ಪುತ್ತದೆಂದಾದರೆ ಕೋಲಾರದ ಕಡೆ ಬೆಲೆ ಬಿದ್ದ ದಿನ ರಸ್ತೆಬದಿಗೆ ಸುರಿದ ಟೊಮೆಟೊ ಇದೆ. ಎಷ್ಟು ಕೆಂಪು ಬೇಕೋ ಅಷ್ಟು.

ಅದಾಗದಿದ್ದರೆ ಬೇಡ, ಎತ್ತು, ಸೂರ್ಯ, ಬುತ್ತಿ ಎಲ್ಲ ಇರಲಿ. ಒಂದೇ ಒಂದು ಸಣ್ಣ ಆಕೃತಿ ಸೇರಿಸಲು ಹೇಳಿ. ಮಿಲೆಯ ಹಕ್ಕಲಿನ ಚಿತ್ರದಲ್ಲಿ ಬಲಗಡೆ, ಬಹಳ ದೂರದಲ್ಲಿ, ಕುದುರೆಯ ಮೇಲೆ ಒಬ್ಬ ಕೂತಿದ್ದಾನೆ. ಹೆಬ್ಬೆರಳಿನಷ್ಟೂ ಇಲ್ಲ. ಅವನ ಸುತ್ತ ಬಣವೆ, ತುಂಬಿದ ಗಾಡಿ, ಕೂಲಿಯವರು. ಅವನು ಮಾಲೀಕನ ಪರವಾಗಿ ನಿಗಾ ಇಡುವವನು. ಮಹಾರಾಣಿಗೆ ಮೆಚ್ಚಿಗೆಯಾದ ಬ್ರೆತೊನ್‌ನ ಚಿತ್ರದಲ್ಲೂ ಹೊತ್ತಾಯಿತು, ಹೊಲ ಬಿಡಿ ಎಂದು ಬಾಯಿಗೆ ಕೈ ಒಡ್ಡಿ ಕೂಗುವ ಕಾವಲಿನವನಿದ್ದಾನೆ. ಅರಮನೆಗೆ ಹೋದ ಚಿತ್ರಕ್ಕೂ ಅಷ್ಟು ಪ್ರಾಮಾಣಿಕತೆ ಇತ್ತು. ನಮ್ಮ ಚಿತ್ರಗಳಲ್ಲಿ ಮಾತ್ರ ಅವನ ಸುಳಿವೇ ಇಲ್ಲ. ತೂಕದ ಕಲ್ಲು ಒತ್ತುವವನು, ಕಮಿಷನ್ ಮುರಿಯುವವನು, ಕಂತು ಕೇಳುವವನು, ಹೊಲದ ಪಕ್ಕದಲ್ಲಿ ಲೇಔಟಿನ ಕಲ್ಲು ನೆಡುವವನು, ಎಲ್ಲರೂ ಗೈರು. ಆ ಹೊಲದಲ್ಲಿ ದುಡಿಮೆ ಇದೆ, ದುಡಿಸುವವನಿಲ್ಲ.

ಅವನು ಎಲ್ಲೂ ಹೋಗಿಲ್ಲ. ಚಿತ್ರದೊಳಗೆ ಜಾಗ ಸಾಲದೆ ಈಚೆಗೆ ಬಂದು ನಿಂತಿದ್ದಾನಷ್ಟೆ, ಅಜ್ಜಿಯನ್ನು ಇನ್ನೂ ಸ್ವಲ್ಪ ನಗಿಸಿ ಎನ್ನುತ್ತಾ. ಅನುಮಾನವಿದ್ದರೆ ಗ್ಯಾಲರಿಯವರು ಕೊಟ್ಟ ಬಿಲ್ಲು ತೆಗೆದು ನೋಡಿ. ಅವನ ಹೆಸರು, ವಿಳಾಸ, ಫ್ಲಾಟ್ ನಂಬರು, ಜಿಎಸ್‌ಟಿ ಸಮೇತ ಅಲ್ಲಿದೆ.